ಕೊನೆಗೆ ಉಳಿದ ಪಾಕ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟೊಂದು ಜನ ಕಲ್ಲಿನ ವಿಚಾರ ಕೇಳಲು ಬಂದಿದ್ದೀರಿ. ತುಂಬ ಸಂತೋಷ.

ಇಲ್ಲಿಗೆ ಬರುವಾಗ ಕಹಳೆ ಬಂಡೆಯ ಪಕ್ಕದಲ್ಲೇ ನಡೆದು ಬಂದೆ. ಒಂದು ನಿಮಿಷ ನಿಂತು ಅದರ ಮೇಲೆ ಕೈಯಿಟ್ಟೆ. ಬಸವನಗುಡಿಗೆ ಬಂದಾಗಲೆಲ್ಲ ಹಾಗೆ ಮಾಡುತ್ತೇನೆ. ಸುಮಾರು 300 ಕೋಟಿ ವರ್ಷದ ಬಂಡೆ ಅದು. ಲಾಲ್‌ಬಾಗಿನ ಗುಡ್ಡವೂ ಅದೇ ಜಾತಿಯ ಕಲ್ಲು. ಪೆನಿನ್ಸುಲರ್ ನೈಸ್ ಅಂತ ಅದರ ಹೆಸರು. ಆ ಬಂಡೆಯಲ್ಲಿ ಸೀರಿಯಂ ಇದೆ. ಲ್ಯಾಂಥನಂ ಇದೆ. ನಿಯೋಬಿಯಂ, ಜಿರ್ಕೋನಿಯಂ ಕೂಡ ಇವೆ. ಪೇಪರಿನಲ್ಲಿ ದಿನಾ ಓದುತ್ತೀರಲ್ಲ, ಸೀರಿಯಂ, ಲ್ಯಾಂಥನಂ ಥರದ ರೇರ್ ಅರ್ತ್ ಲೋಹಗಳು, ಅವೆಲ್ಲ ನಮ್ಮ ಕಾಲ ಕೆಳಗೇ ಇವೆ. ಆದರೆ ಒಂದು ಟನ್ ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಅದರಲ್ಲಿರುವ ಸೀರಿಯಂ ಎಲ್ಲ ಒಟ್ಟುಗೂಡಿಸಿದರೂ ಒಂದು ಹಿಡಿ ತುಂಬುವುದಿಲ್ಲ. ಅಷ್ಟಕ್ಕೆ ಯಾರೂ ಗಣಿ ತೋಡುವುದಿಲ್ಲ.

ಖನಿಜ ಬೇರೆ, ಅದಿರು ಬೇರೆ. ತೆಗೆದರೆ ಗಿಟ್ಟುವಷ್ಟು ಒಂದೇ ಕಡೆ ಗುಡ್ಡೆಯಾಗಿ ಸಿಕ್ಕರೆ ಮಾತ್ರ ಅದು ಅದಿರು. ರೇರ್ ಅರ್ತ್ ಅನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಭೂಮಿಯ ಚಿಪ್ಪಿನಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ತಾಮ್ರ ಅಲ್ಲಲ್ಲಿ ಗುಂಪು ಕಟ್ಟಿಕೊಳ್ಳುತ್ತದೆ. ಸೀರಿಯಂ ಉಪ್ಪಿಟ್ಟಿನೊಳಗಿನ ಉಪ್ಪಿನ ಹಾಗೆ ಎಲ್ಲ ಕಡೆ ಹರಡಿಕೊಂಡಿದೆ. ಚಿಪ್ಪಿನಲ್ಲಿ ಎಲ್ಲ ರೇರ್ ಅರ್ತ್‌ಗಳೂ ಸೇರಿ ಸುಮಾರು ಶೇಕಡ 0.02. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯ ಅದಿರಿನಲ್ಲಿ ಶೇಕಡ 7–8. ಅಂದರೆ ಮುನ್ನೂರು ನಾನೂರು ಪಟ್ಟು ಜಾಸ್ತಿ. ಇಷ್ಟನ್ನು ಒಂದೆಡೆ ಸೇರಿಸಿದ್ದು ಯಾರು, ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

ಈ ಕೆಲಸ ಮಾಡುವ ಕಲ್ಲುಗಳ ಒಂದು ಚಿಕ್ಕ ಕುಟುಂಬ ಇದೆ. ಕ್ಷಾರ ಶಿಲೆಗಳು. ಬೆಂಕಿಯಿಂದ ಹುಟ್ಟಿದ ಕಲ್ಲುಗಳಲ್ಲೆಲ್ಲ ಇವುಗಳ ಪಾಲು ಶೇಕಡ 1ಕ್ಕಿಂತ ಕಡಿಮೆ. ಆದರೆ ಪ್ರಪಂಚದ ನಿಯೋಬಿಯಂ ಬಹುಪಾಲು ಬರುವುದು ಇವುಗಳಿಂದಲೇ. ಗಣಿಯಿಂದ ಬರುವ ರೇರ್ ಅರ್ತ್‌ನಲ್ಲೂ ಇವುಗಳದ್ದೇ ದೊಡ್ಡ ಪಾಲು. ನಾನು ಈ ಕಲ್ಲುಗಳ ಹಿಂದೆ ಬಿದ್ದು ಬಹಳ ವರ್ಷ ಆಯಿತು. ಇವತ್ತಿಗೂ ಬೇಸರ ಬಂದಿಲ್ಲ.

ಕ್ಷಾರ ಅಂದರೆ ಇಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ. ನಮ್ಮ ಹಳ್ಳಿ ಕಡೆ ಚೌಳು ಮಣ್ಣು ಅನ್ನುತ್ತಾರೆ. ಬೇಸಿಗೆಯಲ್ಲಿ ಹೊಲದ ಮೇಲೆ ಬೆಳ್ಳಗೆ ಹೊಪ್ಪಳಿಸುತ್ತದೆ ನೋಡಿ, ಮಡಿವಾಳರು ಬಟ್ಟೆ ಒಗೆಯಲು ತರುತ್ತಿದ್ದ ಮಣ್ಣು. ಅದರ ಸತ್ವ ಸೋಡಿಯಂ. ಕ್ಷಾರ ಶಿಲೆಯಲ್ಲಿ ಈ ಸೋಡಿಯಂ, ಪೊಟ್ಯಾಸಿಯಂ ಎಷ್ಟಿರುತ್ತವೆ ಅಂದರೆ, ಎಲ್ಲವನ್ನೂ ಫೆಲ್ಡ್‌ಸ್ಪಾರ್ ಅನ್ನುವ ಸಾಮಾನ್ಯ ಖನಿಜ ಮಾಡಿ ಮುಗಿಸಲು ಅಲ್ಲಿರುವ ಸಿಲಿಕಾ ಸಾಲುವುದಿಲ್ಲ, ಇಲ್ಲವೇ ಅಲ್ಯೂಮಿನಿಯಂ ಸಾಲುವುದಿಲ್ಲ. ಸಿಲಿಕಾ ಸಾಲದಿದ್ದಾಗ ನೆಫೆಲಿನ್ ಅನ್ನುವ ಖನಿಜ ಹುಟ್ಟುತ್ತದೆ. ನೆಫೆಲಿನ್ ಮತ್ತು ಬರೀ ಸಿಲಿಕಾದ ಖನಿಜವಾದ ಕ್ವಾರ್ಟ್ಜ್ ಕರಗಿದ ಕಲ್ಲಿನ ಒಂದೇ ಪಾಕದಲ್ಲಿ ಜೊತೆಗೆ ಬಾಳುವುದಿಲ್ಲ. ಎರಡೂ ಸೇರಿದರೆ ಫೆಲ್ಡ್‌ಸ್ಪಾರ್ ಆಗಿಬಿಡುತ್ತವೆ. ಹಾಗಾಗಿ ನೆಫೆಲಿನ್ ಇರುವ ಕಲ್ಲಿನಲ್ಲಿ ಕ್ವಾರ್ಟ್ಜ್ ಹುಡುಕಬೇಡಿ. ಬಂಡೆಯ ಮೇಲೆ ಕೈಯಾಡಿಸಿದರೆ ಅರ್ಧ ಗೊತ್ತಾಗುತ್ತದೆ. ಕ್ವಾರ್ಟ್ಜ್ ಮಳೆ ಗಾಳಿಗೆ ಸವೆಯದೆ ಉಬ್ಬಿ ನಿಂತಿರುತ್ತದೆ. ನೆಫೆಲಿನ್ ಬೇಗ ಕರಗಿ ಅಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ. ತಮಿಳುನಾಡಿನ ಕಾಂಗೇಯಂ ಹತ್ತಿರದ ಶಿವಮಲೈ ಬೆಟ್ಟದಲ್ಲಿ ಈ ಕಲ್ಲು ಇದೆ. ಭೂವಿಜ್ಞಾನಿ ಟಿ. ಎಚ್. ಹಾಲೆಂಡ್ 1901ರಲ್ಲೇ ಅದರ ಬಗ್ಗೆ ವಿವರವಾಗಿ ಬರೆದಿದ್ದರು.

ಇನ್ನು ಪಾಕದ ಮಾತಿಗೆ ಬರುತ್ತೇನೆ. ಮ್ಯಾಗ್ಮಾಕ್ಕೆ, ಅಂದರೆ ನೆಲದೊಳಗೆ ಕರಗಿದ ಕಲ್ಲಿಗೆ, ಕನ್ನಡದಲ್ಲಿ ಶಿಲಾಪಾಕ ಅನ್ನುತ್ತೇವೆ. ನನಗೆ ತುಂಬ ಇಷ್ಟವಾದ ಪದ ಇದು. ಅಡುಗೆಮನೆಯಲ್ಲಿ ಪಾಕ ಹಿಡಿದು ಗೊತ್ತಿರುವವರಿಗೆ ಈ ವಿಷಯದ ಮುಕ್ಕಾಲು ಭಾಗ ಆಗಲೇ ಗೊತ್ತಿದೆ. ಇವತ್ತು ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಪಾಕ ಹುಟ್ಟಬೇಕು. ಭೂಮಿಯ ಚಿಪ್ಪಿನ ಕೆಳಗೆ ಮ್ಯಾಂಟಲ್ ಇದೆ. ಅಲ್ಲಿರುವುದು ಮುಖ್ಯವಾಗಿ ಆಲಿವಿನ್, ಪೈರಾಕ್ಸಿನ್ ಅನ್ನುವ ಖನಿಜಗಳು. ಇವುಗಳ ಹರಳಿನಲ್ಲಿ ಮೆಗ್ನೀಸಿಯಂ, ಕಬ್ಬಿಣದ ಅಳತೆಗೆ ಸರಿಯಾದ ಗೂಡುಗಳಿವೆ. ಮೆಗ್ನೀಸಿಯಂ ಅಯಾನಿನ, ಅಂದರೆ ವಿದ್ಯುತ್ ಚಾರ್ಜ್ ಹೊತ್ತ ಪರಮಾಣುವಿನ, ಅಳತೆ 0.72 ಆಂಗ್‌ಸ್ಟ್ರಾಮ್. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ಆಂಗ್‌ಸ್ಟ್ರಾಮ್. ಲ್ಯಾಂಥನಂದು 1.03. ಅದು ಆ ಗೂಡಿಗೆ ಹಿಡಿಸುವುದಿಲ್ಲ. ಜಿರ್ಕೋನಿಯಂ ಅಳತೆ ಮೆಗ್ನೀಸಿಯಂನಷ್ಟೇ ಇದೆ. ಆದರೆ ಮೆಗ್ನೀಸಿಯಂ ಮೇಲೆ ಎರಡು ಚಾರ್ಜ್ ಇದ್ದರೆ ಜಿರ್ಕೋನಿಯಂ ಮೇಲೆ ನಾಲ್ಕು. ನಿಯೋಬಿಯಂ ಮೇಲೆ ಐದು. ಅಳತೆ ಸರಿ ಹೋದರೂ ಲೆಕ್ಕ ಸರಿ ಹೋಗುವುದಿಲ್ಲ. ಹೀಗೆ ಯಾವ ಗೂಡಿಗೂ ಒಗ್ಗದ ಧಾತುಗಳು ಕಲ್ಲು ಒಂದು ಚೂರು ಕರಗಿದರೂ ಸಾಕು, ಮೊದಲು ಎದ್ದು ಆ ದ್ರವಕ್ಕೆ ಹೋಗುತ್ತವೆ.

ಬೆಂಗಳೂರಿನಲ್ಲಿ ಇದಕ್ಕೆ ಬೇರೆ ಉದಾಹರಣೆ ಹುಡುಕಬೇಕಾ? ಫಿಲ್ಟರ್‌ಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿಯುತ್ತೇವೆ. ಮೊದಲು ಇಳಿಯುವ ನಾಲ್ಕು ಚಮಚ ಡಿಕಾಕ್ಷನ್ ಎಷ್ಟು ಗಟ್ಟಿ! ಆಮೇಲೆ ನೀರು ಸುರಿಯುತ್ತಾ ಹೋದಂತೆ ಡಿಕಾಕ್ಷನ್ ಜಾಸ್ತಿ ಆಗುತ್ತದೆ, ತೆಳ್ಳಗೂ ಆಗುತ್ತದೆ. ಸಮುದ್ರದ ತಳದಲ್ಲಿ ಬಸಾಲ್ಟ್ ಹುಟ್ಟುವಾಗ ಮ್ಯಾಂಟಲ್ ಶೇಕಡ 10ರಷ್ಟೋ ಅದಕ್ಕೂ ಜಾಸ್ತಿಯೋ ಕರಗುತ್ತದೆ. ಅದು ಎರಡನೇ, ಮೂರನೇ ಡಿಕಾಕ್ಷನ್. ಕ್ಷಾರ ಶಿಲೆಯ ಪಾಕ ಹುಟ್ಟುವಾಗ ಕರಗುವುದು ಶೇಕಡ 1ರ ಆಸುಪಾಸು. ಒಗ್ಗದ ಧಾತುಗಳೆಲ್ಲ ಅಷ್ಟೇ ಅಷ್ಟು ದ್ರವದಲ್ಲಿ ಬಂದು ಸೇರುತ್ತವೆ. ಮೊದಲ ಡಿಕಾಕ್ಷನ್ ಅಂದರೆ ಇದೇ.

ಇಷ್ಟು ಕಡಿಮೆ ಕರಗಬೇಕಾದರೆ ಮೇಲೆ ದಪ್ಪನೆಯ ಹಳೆಯ ಭೂಖಂಡ ಕೂತಿರಬೇಕು. ಆಗ ಮ್ಯಾಂಟಲ್ ಮೇಲಕ್ಕೆ ಉಬ್ಬಲು ಜಾಗ ಸಿಗುವುದಿಲ್ಲ, ಒತ್ತಡ ಇಳಿಯುವುದಿಲ್ಲ. ನೂರು ಕಿಲೋಮೀಟರ್‌ಗೂ ಆಳದಲ್ಲಿ, ಇಂಗಾಲದ ಡೈಆಕ್ಸೈಡು ಮತ್ತು ನೀರು ಸ್ವಲ್ಪ ಇದ್ದರೆ, ಕಲ್ಲು ಕಡಿಮೆ ಶಾಖಕ್ಕೇ ಬೆವರಿದ ಹಾಗೆ ಕರಗುತ್ತದೆ. ಆ ದ್ರವ ಮೇಲೆ ಬರಲು ಬಿರುಕು ಬೇಕು. ಅದಕ್ಕೇ ಈ ಕಲ್ಲುಗಳು ಹಳೆಯ ಭೂಖಂಡಗಳ ಅಂಚಿನಲ್ಲಿ, ಸೀಳು ಕಣಿವೆಗಳ ಉದ್ದಕ್ಕೂ ಸಾಲಾಗಿ ಸಿಗುತ್ತವೆ. ನಮ್ಮ ಧಾರವಾಡ ಭೂಖಂಡ ಅಂಥದ್ದೇ ಒಂದು ಹಳೆಯ ದಪ್ಪ ತುಂಡು. ಅದರ ಆಗ್ನೇಯ ಅಂಚಿನಲ್ಲಿ, ಧರ್ಮಪುರಿ, ತಿರುಪ್ಪತ್ತೂರು ಕಡೆ, ಈ ಕಲ್ಲುಗಳ ಸಾಲೇ ಇದೆ. ಅಲ್ಲಿಗೆ ಆಮೇಲೆ ಹೋಗೋಣ.

ಆದರೆ ಗಟ್ಟಿ ಡಿಕಾಕ್ಷನ್ ಆದ ಮಾತ್ರಕ್ಕೆ ಅದಿರು ಆಗುವುದಿಲ್ಲ. ಇಲ್ಲಿಂದ ಮುಂದಿನದು ನನಗೆ ಈ ವಿಷಯದಲ್ಲೇ ಅತಿ ಸೊಗಸಾದ ಭಾಗ.

ಪಾಕ ಮೇಲೆ ಬಂದು ಚಿಪ್ಪಿನೊಳಗೆ ಒಂದು ಕಡೆ ನಿಲ್ಲುತ್ತದೆ. ತಣ್ಣಗಾಗುತ್ತಾ ಹರಳು ಕಟ್ಟುತ್ತದೆ. ಮಂಡ್ಯದ ಕಡೆಯವರಿಗೆ ಗೊತ್ತು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಸಕ್ಕರೆ ಹರಳು ತೆಗೆದ ಮೇಲೆ ಕಪ್ಪನೆಯ ಕಾಕಂಬಿ ಉಳಿಯುತ್ತದೆ. ಸಕ್ಕರೆ ಹರಳಿಗೆ ಬೇಡವಾದದ್ದೆಲ್ಲ ಕಾಕಂಬಿಯಲ್ಲಿ ಸೇರುತ್ತದೆ. ಶಿಲಾಪಾಕದಲ್ಲೂ ಹಾಗೇ. ಫೆಲ್ಡ್‌ಸ್ಪಾರ್, ನೆಫೆಲಿನ್ ಹರಳಾಗಿ ಹೊರಗೆ ಹೋದಂತೆಲ್ಲ ಜಿರ್ಕೋನಿಯಂ, ನಿಯೋಬಿಯಂ, ರೇರ್ ಅರ್ತ್ ಉಳಿದ ದ್ರವದಲ್ಲಿ ಜಾಸ್ತಿ ಆಗುತ್ತಾ ಹೋಗುತ್ತವೆ.

ಹಾಗಾದರೆ ನಮ್ಮ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್‌ನಲ್ಲಿ ಯಾಕೆ ಹಾಗೆ ಆಗಲಿಲ್ಲ? ಅದೂ ಪಾಕವಾಗಿಯೇ ಇತ್ತಲ್ವಾ? ಕಾರಣ ಇದು. ಸಾಧಾರಣ ಗ್ರಾನೈಟ್ ಪಾಕ ಜಿರ್ಕೋನಿಯಂ ಅನ್ನು ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳಲಾರದು. ಹತ್ತು ಲಕ್ಷ ಭಾಗದಲ್ಲಿ ನೂರಿನ್ನೂರು ಭಾಗ ಆಯಿತು ಅನ್ನುವಷ್ಟರಲ್ಲಿ ಜಿರ್ಕಾನ್ ಅನ್ನುವ ಪುಟ್ಟ ಹರಳಾಗಿ ಅದು ಹೊರಗೆ ಬರುತ್ತದೆ. ಇಲ್ಲೊಂದು, ಅಲ್ಲೊಂದು, ಬಂಡೆಯ ತುಂಬ ಚದುರಿ ಹೋಗುತ್ತದೆ. ಬೇಗ ಹರಳಾದದ್ದೇ ಅದರ ದೋಷ. ಅದಿರು ಆಗಬೇಕಾದರೆ ಲೋಹ ಕೊನೆಯವರೆಗೆ ದ್ರವದಲ್ಲೇ ಕಾದು ಕೂರಬೇಕು.

ಹೀಗೆ ಕಾಯಿಸುವವನು ಕ್ಷಾರ. ಜಾಮೂನಿಗೆ ಪಾಕ ಮಾಡುವಾಗ ನನ್ನ ಅಜ್ಜಿ ನಾಲ್ಕು ಹನಿ ನಿಂಬೆರಸ ಹಿಂಡುತ್ತಿದ್ದರು. ನಿಮ್ಮ ಮನೆಯಲ್ಲೂ ಮಾಡುತ್ತಾರೆ. ಯಾಕೆ ಅಂದರೆ ಪಾಕ ಸಕ್ಕರೆ ಕಟ್ಟಬಾರದು ಅಂತ. ನಿಂಬೆಹುಳಿ ಸ್ವಲ್ಪ ಸಕ್ಕರೆಯನ್ನು ಒಡೆದು ಬಿಡುತ್ತದೆ, ಹರಳು ಕೂಡಿಕೊಳ್ಳಲು ಅಡ್ಡಿ ಆಗುತ್ತದೆ. ಶಿಲಾಪಾಕದಲ್ಲಿ ಆ ನಿಂಬೆರಸದ ಕೆಲಸವನ್ನು ಹೆಚ್ಚುವರಿ ಸೋಡಿಯಂ, ಪೊಟ್ಯಾಸಿಯಂ ಮಾಡುತ್ತವೆ. ಫ್ಲೋರಿನ್ ಮತ್ತು ನೀರು ಪಾಕವನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಸಿಲಿಕಾ ಮತ್ತು ಆಮ್ಲಜನಕದ ಬಲೆಯನ್ನು ಇವು ಅಲ್ಲಲ್ಲಿ ಕತ್ತರಿಸುತ್ತವೆ. ಕತ್ತರಿಸಿದ ತುದಿಗಳಿಗೆ ಜಿರ್ಕೋನಿಯಂನಂಥ ಲೋಹ ಅಂಟಿಕೊಂಡು ದ್ರವದಲ್ಲೇ ಉಳಿಯುತ್ತದೆ. ಬ್ರೂಸ್ ವಾಟ್ಸನ್ ಅನ್ನುವ ವಿಜ್ಞಾನಿ 1979ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಅಲ್ಯೂಮಿನಿಯಂಗಿಂತ ಕ್ಷಾರ ಜಾಸ್ತಿಯಾದ ಪಾಕದಲ್ಲಿ ಜಿರ್ಕೋನಿಯಂ ಶೇಕಡ 3ಕ್ಕಿಂತ ಜಾಸ್ತಿ ಕರಗಿ ಇರಬಲ್ಲದು. ಸಾಧಾರಣ ಪಾಕದ ನೂರಾರು ಪಟ್ಟು! ಅದರ ಮೇಲೆ ಈ ಪಾಕ ಗಟ್ಟಿಯಾಗುವುದೂ ತುಂಬ ತಡ. ಸಾಧಾರಣ ಗ್ರಾನೈಟ್ 650–700 ಡಿಗ್ರಿಗೆ ಪೂರ್ತಿ ಕಲ್ಲಾಗುತ್ತದೆ. ಇದು ಸುಮಾರು 500 ಡಿಗ್ರಿಯವರೆಗೂ ಹರಿಯುತ್ತಲೇ ಇರುತ್ತದೆ.

ಕೊನೆಗೆ ಹರಳು ಕಟ್ಟಲೇಬೇಕು ಅನ್ನುವ ಹೊತ್ತಿಗೆ ಲೋಹ ಎಷ್ಟು ಸೇರಿರುತ್ತದೆ ಅಂದರೆ, ಬೇರೆಲ್ಲೂ ಕಾಣದ ಖನಿಜಗಳೇ ಹುಟ್ಟುತ್ತವೆ. ಕೈಯಿಂದ ಕೈಗೆ ಹೋಗುತ್ತಿರುವ ಡಬ್ಬಿಗಳಲ್ಲಿ ಎರಡನೆಯದನ್ನು ನೋಡಿ. ಮಾಗಿದ ದಾಳಿಂಬೆ ಕಾಳಿನ ಬಣ್ಣದ ಹರಳುಗಳು. ಇದು ಯುಡಿಯಲೈಟ್. ರಷ್ಯಾದ ಕೋಲಾ ಪರ್ಯಾಯ ದ್ವೀಪದ ಲೊವೊಜೆರೊದ ಕಲ್ಲು, ಸ್ನೇಹಿತರೊಬ್ಬರು ಕೊಟ್ಟಿದ್ದು. ಸೋಡಿಯಂ, ಕ್ಯಾಲ್ಸಿಯಂ, ಜಿರ್ಕೋನಿಯಂ, ಜೊತೆಗೆ ರೇರ್ ಅರ್ತ್, ನಿಯೋಬಿಯಂ ಎಲ್ಲ ಇದರ ಒಂದೇ ಹರಳಿನಲ್ಲಿ ಇವೆ. ಸ್ಲೈಡಿನಲ್ಲಿ ಕಾಣುವುದು ಗ್ರೀನ್‌ಲ್ಯಾಂಡಿನ ಇಲಿಮೌಸಾಕ್ ಬೆಟ್ಟ, ಸುಮಾರು 116 ಕೋಟಿ ವರ್ಷದ್ದು. ಕಪ್ಪು, ಕೆಂಪು, ಬಿಳಿ ಪದರ ಕಾಣುತ್ತಾ? ಕಪ್ಪು ಪದರ ಆರ್ಫ್‌ವೆಡ್ಸನೈಟ್, ಕೆಂಪು ಯುಡಿಯಲೈಟ್, ಬಿಳಿ ಫೆಲ್ಡ್‌ಸ್ಪಾರ್. ಈ ಮೂರೂ ಒಂದರ ಮೇಲೊಂದು 29 ಸಲ ಮರುಕಳಿಸಿವೆ. ಭಾರದ ಹರಳು ಬೇಗ ತಳ ಸೇರಿತು, ಹಗುರದ್ದು ನಿಧಾನಕ್ಕೆ ಕೂತಿತು. ಪಾತ್ರೆಯ ತಳದಲ್ಲಿ ಚರಟ ಕೂತ ಹಾಗೆ. ನಾನು ಎಷ್ಟೋ ಸಲ ಸುಮ್ನೆ ಈ ಫೋಟೋ ತೆಗೆದು ನೋಡುತ್ತಾ ಕೂರುತ್ತೇನೆ.

ಯುಡಿಯಲೈಟ್ ಅನ್ನುವ ಗ್ರೀಕ್ ಹೆಸರಿಗೆ ಚೆನ್ನಾಗಿ ಕರಗುವುದು ಅಂತ ಅರ್ಥ. 1819ರಲ್ಲಿ ಈ ಹೆಸರಿಟ್ಟರು. ಆಮ್ಲ ಹಾಕಿದರೆ ನಿಜವಾಗಿಯೂ ಸುಲಭವಾಗಿ ಕರಗುತ್ತದೆ. ಹಾಗಾದರೆ ಲೋಹ ತೆಗೆಯುವುದೂ ಸುಲಭ ಅಲ್ವಾ ಅಂತ ನೀವು ಕೇಳಬಹುದು. ಕಷ್ಟ ಅಲ್ಲೇ ಇದೆ. ಅದರೊಳಗಿನ ಸಿಲಿಕಾವೂ ಜೊತೆಗೇ ಕರಗಿ, ಸ್ವಲ್ಪ ಹೊತ್ತಿಗೆ ಗಂಜಿಯ ಹಾಗೆ ಲೋಳೆ ಆಗುತ್ತದೆ. ಸೋಸಲು ಬರುವುದಿಲ್ಲ, ಪೈಪು ಕಟ್ಟಿಕೊಳ್ಳುತ್ತದೆ. ಇಷ್ಟು ಚೆಂದದ ಖನಿಜ ಇನ್ನೂ ದೊಡ್ಡ ಅದಿರು ಆಗದೆ ಉಳಿದಿರುವುದಕ್ಕೆ ಈ ಲೋಳೆ ಒಂದು ಮುಖ್ಯ ಕಾರಣ. ಇಲಿಮೌಸಾಕ್‌ನ ಇನ್ನೊಂದು ಭಾಗ ಕ್ವಾನೆಫೆಲ್ಡ್. ಅಲ್ಲಿ ರೇರ್ ಅರ್ತ್ ಜೊತೆ ಯುರೇನಿಯಂ, ಥೋರಿಯಂ ಬೆರೆತಿವೆ. 2021ರಲ್ಲಿ ಗ್ರೀನ್‌ಲ್ಯಾಂಡಿನ ಸಂಸತ್ತು ಯುರೇನಿಯಂ ಗಣಿಗಾರಿಕೆಗೆ ತಡೆ ಹಾಕಿ ಕಾನೂನು ಮಾಡಿತು. ಅಲ್ಲಿನ ಜನ ತಮ್ಮ ಕುರಿ, ಮೀನು, ನೀರಿನ ಚಿಂತೆ ಮಾಡಿದ್ದು ಸರಿಯೇ ಅಂತ ನನ್ನ ಅನಿಸಿಕೆ. ಒಗ್ಗದ ಧಾತುಗಳು ಒಟ್ಟಿಗೇ ಪಯಣ ಮಾಡುತ್ತವೆ. ಬೇಕಾದದ್ದು ಬಂದಲ್ಲಿ ಬೇಡದ್ದೂ ಬಂದಿರುತ್ತದೆ.

ಈಗ ಕುಟುಂಬದ ಇನ್ನೊಂದು ಕವಲು. ಕಾರ್ಬೊನಟೈಟ್. ಬೆಂಕಿಯಿಂದ ಹುಟ್ಟಿದ ಸುಣ್ಣದ ಕಲ್ಲು ಅನ್ನಬಹುದು. ಕೇಳಿದರೆ ನಂಬುವುದು ಕಷ್ಟ. ಬಹಳ ಕಾಲ ವಿಜ್ಞಾನಿಗಳೂ ನಂಬಲಿಲ್ಲ. ಇದು ಸಮುದ್ರದ ಸುಣ್ಣಕಲ್ಲೇ, ಹೇಗೋ ಪಾಕದೊಳಗೆ ಸಿಕ್ಕಿಕೊಂಡಿದೆ ಅಂತ ವಾದ ಮಾಡುತ್ತಿದ್ದರು. ಆ ವಾದ ತೀರಲು ಮುಖ್ಯ ಕಾರಣ ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ. ಮಸಾಯ್ ಭಾಷೆಯಲ್ಲಿ ದೇವರ ಬೆಟ್ಟ. 1960ರ ಹೊತ್ತಿಗೆ ಅದರ ಬಾಯಲ್ಲಿ ಹರಿಯುವ ಲಾವಾವೇ ಕಾರ್ಬೊನೇಟ್ ಅಂತ ಕಣ್ಣಾರೆ ಕಂಡರು. ಇವತ್ತು ಪ್ರಪಂಚದಲ್ಲಿ ಇಂಥ ಲಾವಾ ಉಕ್ಕಿಸುವ ಜ್ವಾಲಾಮುಖಿ ಅದೊಂದೇ. ಹವಾಯಿಯ ಲಾವಾ 1100 ಡಿಗ್ರಿಗೂ ಮೇಲೆ. ಇದು 500–600 ಡಿಗ್ರಿ ಮಾತ್ರ. ಹಗಲಲ್ಲಿ ಕೆಂಪಗೆ ಕಾಣುವುದೇ ಇಲ್ಲ. ಕಪ್ಪನೆಯ ಎಂಜಿನ್ ಆಯಿಲ್ ಹರಿದ ಹಾಗೆ ಸರಸರ ಹರಿಯುತ್ತದೆ. ತಣ್ಣಗಾಗಿ ಒಂದೆರಡು ದಿನಕ್ಕೆ ಬೆಳ್ಳಗಾಗುತ್ತದೆ! ಅದರಲ್ಲಿರುವ ಸೋಡಿಯಂ ಗಾಳಿಯ ತೇವ ಕುಡಿದು ಹಾಗೆ ಆಗುತ್ತದೆ. ಚೌಳು ಹೊಪ್ಪಳಿಸಿದ ಹಾಗೇ.

ಇದರಲ್ಲಿ ಒಂದು ದೊಡ್ಡ ಸುಳಿವು ಇದೆ. ಲೆಂಗಾಯ್ ಲಾವಾದ ತುಂಬ ಸೋಡಿಯಂ. ಆದರೆ ಪ್ರಪಂಚದ ಹಳೆಯ ಕಾರ್ಬೊನಟೈಟ್ ಬಂಡೆಗಳಲ್ಲಿ ಸೋಡಿಯಂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರೀ ಕ್ಯಾಲ್ಸೈಟ್, ಡಾಲಮೈಟ್ ಅನ್ನುವ ಸುಣ್ಣದ ಖನಿಜಗಳು. ಹಾಗಾದರೆ ಅವುಗಳ ಸೋಡಿಯಂ ಎಲ್ಲಿ ಹೋಯಿತು? ಪಕ್ಕದ ಗೋಡೆ ನೋಡಿದರೆ ಗೊತ್ತಾಗುತ್ತದೆ. ಕಾರ್ಬೊನಟೈಟ್ ಸುತ್ತ ಇರುವ ಗ್ರಾನೈಟ್, ನೈಸ್ ಬಂಡೆಗಳು ಕ್ಷಾರ ಕುಡಿದು ಬೇರೆ ಕಲ್ಲೇ ಆಗಿರುತ್ತವೆ. ಕ್ವಾರ್ಟ್ಜ್ ಮಾಯವಾಗಿ, ಹಸಿರು ಪೈರಾಕ್ಸಿನ್ ಎಳೆ ಎಳೆಯಾಗಿ ಹಬ್ಬಿರುತ್ತದೆ. ನಾರ್ವೆಯ ಫೆನ್ ಎಂಬಲ್ಲಿ ಬ್ರೋಗರ್ ಅನ್ನುವ ಭೂವಿಜ್ಞಾನಿ ಇದನ್ನು ಗುರುತಿಸಿ 1921ರಲ್ಲಿ ಫೆನೈಟ್ ಅಂತ ಹೆಸರಿಟ್ಟರು. ಕ್ಷಾರ ಕೊನೆಯವರೆಗೂ ಲೋಹವನ್ನು ದ್ರವದಲ್ಲಿ ಹಿಡಿದುಕೊಂಡಿತ್ತು. ಆಮೇಲೆ ತಾನು ಗೋಡೆಯೊಳಗೆ ಇಂಗಿ ಹೋಯಿತು. ಹಿಡಿದ ಕೈ ಬಿಟ್ಟ ಮೇಲೆ ಲೋಹ ಅಲ್ಲೇ ಹರಳು ಕಟ್ಟಿತು. ಇವತ್ತು ನಾನು ಹೇಳಬೇಕು ಅಂತ ಬಂದಿದ್ದು ಮುಖ್ಯವಾಗಿ ಇದನ್ನೇ. ಅದಿರು ನೋಡಿದಾಗ ಅಲ್ಲಿ ಇರುವ ಲೋಹ ಕಾಣುತ್ತದೆ. ಅದನ್ನು ಅಲ್ಲಿಯವರೆಗೆ ಹೊತ್ತು ತಂದ ಕ್ಷಾರ ಕಾಣುವುದಿಲ್ಲ.

ಕಾರ್ಬೊನೇಟ್ ಪಾಕ ಹುಟ್ಟುವ ದಾರಿ ಒಂದೇ ಅಲ್ಲ. ಕೆಲವು ಮ್ಯಾಂಟಲ್‌ನಿಂದ ನೇರವಾಗಿ ಬರುತ್ತವೆ. ಇನ್ನು ಕೆಲವು ಕಡೆ ಸಿಲಿಕಾ ಪಾಕದಿಂದ ಕಾರ್ಬೊನೇಟ್ ಪಾಕ ಬೇರೆಯಾಗುತ್ತದೆ, ಸಾರಿನ ಮೇಲೆ ಒಗ್ಗರಣೆ ಎಣ್ಣೆ ಹನಿ ಹನಿಯಾಗಿ ನಿಲ್ಲುವ ಹಾಗೆ. ಹರಳಾಗುವಾಗ ಮೊದಲು ಅಪಟೈಟ್, ಮ್ಯಾಗ್ನಟೈಟ್, ಪೈರೋಕ್ಲೋರ್ ಅನ್ನುವ ಖನಿಜಗಳು ಬರುತ್ತವೆ. ನಿಯೋಬಿಯಂ ಇರುವುದು ಈ ಪೈರೋಕ್ಲೋರಿನಲ್ಲಿ. ರೇರ್ ಅರ್ತ್‌ಗಳ ಬಹುಪಾಲು ಕೊನೆಯ ಉಪ್ಪುದ್ರವದವರೆಗೂ ಕಾಯುತ್ತದೆ. ಬ್ಯಾಸ್ಟ್ನಸೈಟ್, ಮೊನಜೈಟ್ ಅನ್ನುವ ಖನಿಜಗಳಾಗಿ ಹರಳು ಕಟ್ಟುತ್ತದೆ.

ನನ್ನ ವಿದ್ಯಾರ್ಥಿ ದಿನಗಳ ಒಂದು ಘಟನೆ ಹೇಳುತ್ತೇನೆ. ತಿರುಪ್ಪತ್ತೂರಿನ ಹತ್ತಿರ ಸೇವತ್ತೂರು ಅನ್ನುವ ಊರಿದೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದು. ನೀವು ವೀಕೆಂಡಿಗೆ ಹೋಗುವ ಯೆಲಗಿರಿ ಬೆಟ್ಟದ ಪಕ್ಕದಲ್ಲೇ. ಯೆಲಗಿರಿಯೇ ಸಯನೈಟ್ ಅನ್ನುವ ಕ್ಷಾರ ಕುಟುಂಬದ ಕಲ್ಲು. ಎರಡಕ್ಕೂ ಸುಮಾರು 75–80 ಕೋಟಿ ವರ್ಷ. ಅಲ್ಲಿ ನಾನು ಒಂದು ಬಿಳಿ ಕಲ್ಲು ಒಡೆದು, ಚೀಟಿಯಲ್ಲಿ ಅಮೃತಶಿಲೆ ಅಂತ ಬರೆದು ಚೀಲಕ್ಕೆ ಹಾಕಿದೆ. ಆಮ್ಲದ ಹನಿ ಬಿಟ್ಟರೆ ಬುಸ್ ಅಂತ ನೊರೆ ಬಂದಿತ್ತು. ನನಗೆ ಅನುಮಾನವೇ ಬರಲಿಲ್ಲ. ನಮ್ಮ ಮೇಷ್ಟ್ರು ಚೀಟಿ ಓದಿದರು. ಏನೂ ಅನ್ನಲಿಲ್ಲ. ಕಲ್ಲಿನ ಒಂದು ಚೂರನ್ನು ಗಾಜಿನ ಬಟ್ಟಲಿಗೆ ಹಾಕಿ, ಅಡುಗೆಗೆ ಬಳಸುವ ವಿನಿಗರ್ ಸುರಿದು, ಒಂದು ವಾರ ಬಿಟ್ಟು ನೋಡು ಅಂದರು. ಎರಡು ದಿನಕ್ಕೊಮ್ಮೆ ವಿನಿಗರ್ ಬದಲಿಸುತ್ತಾ ಬಂದೆ.

ವಾರದ ಮೇಲೆ ಬಿಳಿ ಭಾಗ ಎಲ್ಲ ಕರಗಿ ಹೋಗಿತ್ತು. ತಳದಲ್ಲಿ ಒಂದು ಚಿಟಿಕೆ ಕಾಳು ಉಳಿದಿತ್ತು. ಒಣಗಿಸಿ ಲೆನ್ಸ್ ಹಿಡಿದೆ. ಕಪ್ಪು ಕಾಳು ಆಯಸ್ಕಾಂತಕ್ಕೆ ಹಾರಿ ಅಂಟಿತು, ಮ್ಯಾಗ್ನಟೈಟ್. ಅಕ್ಕಿನುಚ್ಚಿನ ಹಾಗೆ ಉದ್ದುದ್ದ, ತಿಳಿಹಸಿರು ಕಾಳು ಅಪಟೈಟ್. ಹೊಳೆಯುವ ಅಭ್ರಕದ ಹಾಳೆ. ಮತ್ತೆ ನಾಲ್ಕೈದು ಕಂದು ಬಣ್ಣದ ಹರಳು, ಎರಡು ಪಿರಮಿಡ್ಡುಗಳನ್ನು ಬುಡ ಸೇರಿಸಿ ಅಂಟಿಸಿದ ಆಕಾರ. ಅದೇ ಪೈರೋಕ್ಲೋರ್. ಅಮೃತಶಿಲೆಯಲ್ಲಿ ಇವು ಹೀಗೆ ಒಟ್ಟಿಗೆ ಇರುವುದಿಲ್ಲ. ಆ ರಾತ್ರಿ ಚೀಟಿ ಹರಿದು ಹೊಸದು ಬರೆದೆ. ನನ್ನ ಮುಂದಿನ ಬದುಕೆಲ್ಲ ಆ ಚಿಟಿಕೆ ಕಾಳಿನಿಂದ ಶುರುವಾಯಿತು. ಮೊದಲ ಡಬ್ಬಿಯಲ್ಲಿರುವುದು ಸೇವತ್ತೂರಿನ ಅದೇ ಕಲ್ಲು.

ಮೂರನೇ ಡಬ್ಬಿಯಲ್ಲಿ ಇರುವುದೂ ಅಲ್ಲಿಯದೇ, ವರ್ಮಿಕ್ಯುಲೈಟ್. ತಾರಸಿಯಲ್ಲಿ ಗಿಡ ಬೆಳೆಸುವವರು ಇಲ್ಲಿ ತುಂಬ ಜನ ಇದ್ದೀರಿ. ಪಾಟಿನ ಮಣ್ಣಿಗೆ ಬೆರೆಸುತ್ತೀರಲ್ಲ, ಹೊಂಬಣ್ಣದ ಹಗುರ ಪುಡಿ, ಅದೇ. ಕ್ಷಾರ ಶಿಲೆಗಳ ಸಂದಿಯಲ್ಲಿ ಹುಟ್ಟಿದ ಅಭ್ರಕ ನೀರು ಕುಡಿದು ಹೀಗಾಗುತ್ತದೆ. ಒಂದು ತೆಳು ಹಾಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಡ್ಡಿದರೆ ಒಳಗಿನ ನೀರು ಹಬೆಯಾಗಿ, ಹಾಳೆ ಅರಳಿನ ಹಾಗೆ ಹಿಗ್ಗುತ್ತದೆ. ಹುಳ ಮೈ ಚಾಚಿದ ಹಾಗೆ ಕಾಣುತ್ತದೆ. ಹೆಸರು ಬಂದಿದ್ದೂ ಹಾಗೆಯೇ. ಮಕ್ಕಳು ಮಾಡುವಾಗ ದೊಡ್ಡವರು ಪಕ್ಕದಲ್ಲಿರಿ.

ಹೊಗೇನಕಲ್ ಕೂಡ ಇದೇ ಸಾಲಿನಲ್ಲಿ ಬರುತ್ತದೆ. ಅಲ್ಲಿನ ಕಾರ್ಬೊನಟೈಟ್ ಸುಮಾರು 240 ಕೋಟಿ ವರ್ಷದ್ದು. ಪ್ರಪಂಚದ ಅತಿ ಹಳೆಯ ಕಾರ್ಬೊನಟೈಟ್‌ಗಳಲ್ಲಿ ಒಂದು. ತೆಪ್ಪದಲ್ಲಿ ಕೂತಾಗ ಕಾಣುವ ಬಂಡೆ ಎಲ್ಲ ಕಾರ್ಬೊನಟೈಟ್ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಹಾಗಲ್ಲ. ಪೈರಾಕ್ಸಿನೈಟ್, ಸಯನೈಟ್ ಜೊತೆ ಸಣ್ಣ ಸಣ್ಣ ತುಂಡುಗಳಾಗಿ ಅದು ಸಿಗುತ್ತದೆ. ಆದರೂ ಕಾವೇರಿ ದಂಡೆಯಲ್ಲಿ, ನಮ್ಮ ಗಡಿಯಲ್ಲೇ, ಮ್ಯಾಂಟಲ್‌ನ ಅಷ್ಟು ಹಳೆಯ ಬೆವರು ಕಲ್ಲಾಗಿ ಕೂತಿದೆ ಅನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಕೊನೆಯ ದ್ರವ ಏನು ಮಾಡುತ್ತದೆ ಅಂತ ಚೆನ್ನಾಗಿ ನೋಡಬೇಕಾದರೆ ಗುಜರಾತಿನ ಅಂಬಾಡೊಂಗರ್‌ಗೆ ಹೋಗಬೇಕು. ಛೋಟಾ ಉದೇಪುರ ಜಿಲ್ಲೆ. ಡೆಕ್ಕನ್ ಲಾವಾ ಉಕ್ಕಿದ ಕಾಲದ್ದು, ಸುಮಾರು 6.5 ಕೋಟಿ ವರ್ಷ. 1963ರಲ್ಲಿ ಭೂವಿಜ್ಞಾನಿಗಳಾದ ಸುಖೇಶ್ವಾಲಾ ಮತ್ತು ಉದಾಸ್ ಇದು ಕಾರ್ಬೊನಟೈಟ್ ಅಂತ ಪ್ರಕಟಿಸಿದರು. ಬೆಟ್ಟ ಬಳೆಯ ಆಕಾರದಲ್ಲಿದೆ. ಕಾರ್ಬೊನಟೈಟ್ ಮತ್ತು ಮರಳುಗಲ್ಲು ಸೇರುವ ಅಂಚಿನಲ್ಲಿ, ಕ್ಯಾಲ್ಸಿಯಂ ಮತ್ತು ಫ್ಲೋರಿನ್ ಸೇರಿ ಆದ ಫ್ಲೋರೈಟ್ ಅನ್ನುವ ಖನಿಜ ನೇರಳೆ, ಹಸಿರು, ಬಿಳಿ ಬಣ್ಣದಲ್ಲಿ ದಟ್ಟವಾಗಿ ಕಟ್ಟಿದೆ. ಆ ಫ್ಲೋರೈಟ್ ಹರಳಿನೊಳಗೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಪುಟ್ಟ ಗುಳ್ಳೆಗಳಿವೆ. ಹರಳು ಕಟ್ಟಿದಾಗ ಇದ್ದ ನೀರು ಆ ಗುಳ್ಳೆಯಲ್ಲಿ ಹಾಗೇ ಸಿಕ್ಕಿಕೊಂಡಿದೆ. ಅದನ್ನು ಕಾಯಿಸಿ ನೋಡಿ ಅಳೆದರೆ, ಆ ನೀರು ಸುಮಾರು 100–150 ಡಿಗ್ರಿ ಇತ್ತು ಅಂತ ಗೊತ್ತಾಗುತ್ತದೆ. ಪಾಕದ ಶಾಖ ಎಂದೋ ಆರಿಹೋಗಿತ್ತು. ಮಳೆಯ ನೀರು ಕೂಡ ಬಂದು ಬೆರೆತಿತ್ತು. ಬಿಸಿನೀರು ಫ್ಲೋರಿನ್ ಹೊತ್ತು ತಂದು ಕ್ಯಾಲ್ಸಿಯಂ ಸಿಕ್ಕಿದಲ್ಲಿ ಇಳಿಸಿತು.

ರೇರ್ ಅರ್ತ್ ವಿಷಯದಲ್ಲೂ ಇಂಥದ್ದೇ ನಡೆಯುತ್ತದೆ. ಬಿಸಿ ಉಪ್ಪುನೀರಿನಲ್ಲಿ ರೇರ್ ಅರ್ತ್ ಅನ್ನು ಮುಖ್ಯವಾಗಿ ಕ್ಲೋರೈಡ್ ಹೊತ್ತು ನಡೆಯುತ್ತದೆ. ಫ್ಲೋರೈಡ್, ಫಾಸ್ಫೇಟ್ ಎದುರಾದ ಕಡೆ ಲೋಹ ಇಳಿದು ಹರಳಾಗುತ್ತದೆ. ಹೊರುವವನು ಬೇರೆ, ಇಳಿಸುವವನು ಬೇರೆ. ಫ್ಲೋರಿನ್ನೇ ಹೊತ್ತು ತರುತ್ತದೆ ಅಂತ ನಾವು ಓದುವಾಗ ಕಲಿತಿದ್ದೆವು. ಆಮೇಲಿನ ಪ್ರಯೋಗಗಳು ಅದನ್ನು ತಿರುಗಿಸಿ ಹಾಕಿದವು.

ಇಷ್ಟೆಲ್ಲ ಆದ ಮೇಲೂ ಒಂದು ಹಂತ ಬಾಕಿ. ಅದನ್ನು ಮಾಡುವುದು ಮಳೆ. ನನ್ನ ವಿನಿಗರ್ ಬಟ್ಟಲು ನೆನಪಿದೆಯಲ್ವಾ? ಕ್ಯಾಲ್ಸೈಟ್ ಕರಗಿ, ಕರಗದ ಕಾಳು ತಳದಲ್ಲಿ ಉಳಿಯಿತು. ಬ್ರೆಜಿಲ್‌ನ ಅರಾಶಾದಲ್ಲಿ ಮಳೆ ಇದೇ ಕೆಲಸವನ್ನು ಇಡೀ ಬೆಟ್ಟಕ್ಕೆ ಮಾಡಿದೆ. ಲಕ್ಷಾಂತರ ವರ್ಷ ಸುರಿದು ಕಾರ್ಬೊನಟೈಟ್ ಕರಗಿಸಿ, ಪೈರೋಕ್ಲೋರ್ ತುಂಬಿದ ಕೆಂಪು ಮಣ್ಣು ಉಳಿಸಿದೆ. ನಿಯೋಬಿಯಂ ಆಕ್ಸೈಡ್ ಶೇಕಡ 2ಕ್ಕಿಂತ ಜಾಸ್ತಿ. ಪ್ರಪಂಚದ ನಿಯೋಬಿಯಂನ ದೊಡ್ಡ ಪಾಲು ಈ ಒಂದೇ ಊರಿನಿಂದ ಬರುತ್ತದೆ. ಉಕ್ಕಿಗೆ ಒಂದು ಚಿಟಿಕೆ ಬೆರೆಸಿದರೆ ಉಕ್ಕು ಗಟ್ಟಿ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಒಳಗಿನ ಸುರುಳಿಯೂ ನಿಯೋಬಿಯಂ ಟೈಟೇನಿಯಂ ತಂತಿ. ಆಸ್ಟ್ರೇಲಿಯಾದ ಮೌಂಟ್ ವೆಲ್ಡ್‌ನಲ್ಲೂ ಮಳೆಯದೇ ಕೆಲಸ. ಅಲ್ಲಿ ಉಳಿದದ್ದು ರೇರ್ ಅರ್ತ್. ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು ಹುಟ್ಟಿದ್ದೂ ಹೀಗೆಯೇ. ಕೆಳಗಿದ್ದ ಬಂಡೆ ಬೇರೆ, ಆದ್ದರಿಂದ ಉಳಿದದ್ದು ಬೇರೆ.

ರೇರ್ ಅರ್ತ್‌ನಿಂದ ಮಾಡುವ ಮೋಟಾರು ಮ್ಯಾಗ್ನೆಟ್ ಬಗ್ಗೆ ಒಂದು ಮಾತು, ಏಕೆಂದರೆ ಬರುವ ಮೊದಲೇ ಇಬ್ಬರು ಕೇಳಿದರು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ತ್‌ಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ತಯಾರಿಕೆಗೆ ತೊಂದರೆ ಆಯಿತು. ಆ ಏಳರಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಇವೆ. ಮೋಟಾರು ಬಿಸಿಯಾದರೂ ಮ್ಯಾಗ್ನೆಟ್ ಶಕ್ತಿ ಕುಂದದಿರಲು ಬೇಕಾದ ಭಾರದ ಲೋಹಗಳು. ಕಾರ್ಬೊನಟೈಟ್‌ನಲ್ಲಿ ಹಗುರ ರೇರ್ ಅರ್ತ್ ಜಾಸ್ತಿ, ಭಾರದ್ದು ತೀರ ಕಡಿಮೆ. ಭಾರದವು ಯುಡಿಯಲೈಟ್‌ನಂಥ ಖನಿಜಗಳಲ್ಲಿ, ದಕ್ಷಿಣ ಚೀನಾದ ಜೇಡಿಮಣ್ಣಿನಲ್ಲಿ ಸಿಗುತ್ತವೆ. ಹಾಗಾಗಿ ಇಲ್ಲಿ ಕಾರ್ಬೊನಟೈಟ್ ಇದೆ, ಗಣಿ ತೋಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಆತುರದ ಮಾತು. ರಾಜಸ್ಥಾನದ ಸಿವಾನಾದಲ್ಲಿ ಕ್ಷಾರ ಜಾಸ್ತಿಯಾದ ಗ್ರಾನೈಟ್ ಇದೆ. ಭಾರದ ಲೋಹಗಳ ಹುಡುಕಾಟಕ್ಕೆ ನಾನು ಅಂಥ ಕಲ್ಲುಗಳ ಕಡೆ ನೋಡುತ್ತೇನೆ. ಮಂಡ್ಯದ ಮರ್ಲಗಲ್ಲದ ಲಿಥಿಯಂ ಬೇರೆ ಕತೆ. ಅದು ಗ್ರಾನೈಟ್ ಕುಟುಂಬದ ಪೆಗ್ಮಟೈಟ್ ಅನ್ನುವ ದಪ್ಪ ಹರಳಿನ ಕಲ್ಲು.

ಪ್ರಶ್ನೆಗಳಿಗೆ ಹೋಗುವ ಮೊದಲು, ಮೊದಲನೇ ಡಬ್ಬಿ ಯಾರ ಹತ್ತಿರ ಇದೆ? ಹಿಂದಿನ ಸಾಲಿನಲ್ಲಾ? ಲೆನ್ಸ್ ಅನ್ನು ಕಲ್ಲಿನ ಹತ್ತಿರ ಹಿಡಿಯಬೇಡಿ, ಕಣ್ಣಿಗೆ ಒತ್ತಿ ಹಿಡಿಯಿರಿ. ಆಮೇಲೆ ಕಲ್ಲನ್ನು ನಿಧಾನವಾಗಿ ಹತ್ತಿರ ತನ್ನಿ. ಕಿಟಕಿಯ ಬೆಳಕು ಕಲ್ಲಿನ ಮೇಲೆ ಬೀಳಲಿ. ಬಿಳಿ ಕ್ಯಾಲ್ಸೈಟ್ ನಡುವೆ ಕಪ್ಪು ಚುಕ್ಕೆ ಕಾಣುತ್ತಾ? ಅದರ ಎಡಕ್ಕೆ, ಒಂದು ರಾಗಿ ಕಾಳಿಗಿಂತ ಚಿಕ್ಕದು, ಕಂದು ಬಣ್ಣ, ಚೂಪು ಮೂಲೆ. ಹಾಂ, ಅದೇ.